ಅವ್ವ, ಒತ್ತಿ ಹಿಡಿದು ಮಾತಾಡು: ವಾಟ್ಸಾಪ್ ವಾಯ್ಸ್ ಮೆಸೇಜ್‌ಗೆ ನನ್ನ ರಿವ್ಯೂ

ಜನ ಫೋನ್‌ಗೆ ರಿವ್ಯೂ ಬರೆಯುತ್ತಾರೆ, ಇಯರ್‌ಫೋನ್‌ಗೆ ಬರೆಯುತ್ತಾರೆ, ನಮ್ಮ ಹುಬ್ಬಳ್ಳಿಯ ಗಿರ್ಮಿಟ್ ಗಾಡಿಗೂ ಬರೆಯುತ್ತಾರೆ. ವಾಟ್ಸಾಪ್‌ನಲ್ಲಿ ಬಲಗಡೆ ಮೂಲೆಯಲ್ಲಿ ಕೂತಿರುವ ಆ ಮೈಕ್ ಗುಂಡಿಗೆ ಮಾತ್ರ ಯಾರೂ ರಿವ್ಯೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಪುಕ್ಕಟೆ ಸಿಗುವ ವಸ್ತು ಅಂತ ಇರಬೇಕು. ನಮ್ಮ ಮನೆಯಲ್ಲಿ ಕಳೆದ ಮೂರು ವರ್ಷದಿಂದ ಅತಿ ಹೆಚ್ಚು ಬಳಕೆಯಾದ ಸಾಮಾನು ಇದೇ. ಮಿಕ್ಸರ್‌ಗಿಂತ ಜಾಸ್ತಿ.

ನಾನಿರುವುದು ಹುಬ್ಬಳ್ಳಿಯಲ್ಲಿ, ಕೆಲಸ ಧಾರವಾಡದಲ್ಲಿ. ಅವ್ವ ಅಪ್ಪ ಮುಂಡರಗಿ ಕಡೆಯ ಹಳ್ಳಿಯಲ್ಲಿ. ಅಕ್ಕ ಪುಣೆಯಲ್ಲಿ, ತಮ್ಮ ಬೆಂಗಳೂರಿನಲ್ಲಿ. ಅವ್ವ ಕಲಿತದ್ದು ಮೂರನೇ ಇಯತ್ತೆ. ಬಸ್ಸಿನ ಬೋರ್ಡು ಓದುತ್ತಾಳೆ, ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ಓದುತ್ತಾಳೆ, ಅದರಾಚೆಗೆ ಅಕ್ಷರ ಅಂದರೆ ಆಕೆಗೆ ಬೇಸರ. ನನ್ನ ಹಳೇ ಸ್ಮಾರ್ಟ್‌ಫೋನನ್ನು ಆಕೆಗೆ ಕೊಟ್ಟಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ವಿಡಿಯೋ ಕಾಲ್. ಮೊಮ್ಮಗಳ ಮುಖ ನೋಡಲಿ ಅಂತ. ಒಂದು ತಿಂಗಳು ನಡೆಯಿತು. ಆಮೇಲೆ ಗೊತ್ತಾಯಿತು, ವಿಡಿಯೋ ಕಾಲ್ ಅಂದರೆ ಅವ್ವನಿಗೆ ಬೀಗರು ಮನೆಗೆ ಬಂದ ಹಾಗೆ. ಸೆರಗು ಸರಿ ಮಾಡಿಕೊಳ್ಳಬೇಕು, ಹಿಂದೆ ಗೋಡೆಗೆ ಒಣಹಾಕಿದ ಬಟ್ಟೆ ಕಾಣಬಾರದು, ಅಪ್ಪನಿಗೆ ಅಂಗಿ ಹಾಕಿಕೋ ಅನ್ನಬೇಕು. ಅಷ್ಟೆಲ್ಲ ಆಗುವ ಹೊತ್ತಿಗೆ ನೆಟ್‌ವರ್ಕ್ ಹೋಗಿರುತ್ತದೆ, ಪರದೆ ಮೇಲೆ ಅಪ್ಪನ ಅರ್ಧ ಮೂಗು ನಿಂತುಬಿಟ್ಟಿರುತ್ತದೆ.

ವಾಯ್ಸ್ ಮೆಸೇಜ್ ಕಲಿಸಿದ್ದು ಆಕಸ್ಮಿಕ. ದೀಪಾವಳಿಗೆ ಊರಿಗೆ ಹೋದಾಗ ಅಕ್ಕನಿಗೆ ಏನೋ ಹೇಳಬೇಕಿತ್ತು, ಫೋನ್ ಹತ್ತಲಿಲ್ಲ. ನಾನೇ ಮೈಕ್ ಒತ್ತಿ ಹಿಡಿದು ಅವ್ವನ ಬಾಯಿಯ ಹತ್ತಿರ ಇಟ್ಟೆ, ಹೇಳು ಅಂದೆ. ಆಕೆ ಫೋನಿಗೆ ಹೇಳಲಿಲ್ಲ, ನನಗೆ ಹೇಳಿದಳು, "ಆಕಿಗೆ ಹೇಳು, ಹಪ್ಪಳ ಕಳಸೇನಂತ". ಅದೇ ಹೋಯಿತು. ಎರಡು ನಿಮಿಷಕ್ಕೆ ಅಕ್ಕನ ದನಿ ಬಂತು, "ಅವ್ವಾ, ನನಗ ಹೇಳವಾ, ಅವಗ್ಯಾಕ ಹೇಳ್ತಿ?" ಅವ್ವ ಫೋನು ನನ್ನ ಕೈಯಿಂದ ಕಸಿದುಕೊಂಡಳು. ಅಲ್ಲಿಂದ ಇಲ್ಲಿಯವರೆಗೆ ತಿರುಗಿ ಕೊಟ್ಟಿಲ್ಲ ಅನ್ನಿ.

ಈ ಸವಲತ್ತು ವಾಟ್ಸಾಪ್‌ಗೆ ಬಂದದ್ದು 2013ರಲ್ಲಿ. 2022ರಲ್ಲಿ ಕಂಪನಿಯವರೇ ಹೇಳಿಕೊಂಡ ಪ್ರಕಾರ ಜಗತ್ತಿನಲ್ಲಿ ದಿನಕ್ಕೆ ಸರಾಸರಿ 700 ಕೋಟಿ ವಾಯ್ಸ್ ಮೆಸೇಜ್ ಓಡಾಡುತ್ತವೆ. ಅದರಲ್ಲಿ ಒಂದು ಹದಿನೈದು ಇಪ್ಪತ್ತು ನಮ್ಮ ಅವ್ವನವು.

ಯಾಕೆ ಇದು ಆಕೆಗೆ ಇಷ್ಟು ಒಗ್ಗಿತು ಅಂತ ನಾನು ಬಹಳ ಯೋಚಿಸಿದ್ದೇನೆ. ಮೊದಲು ಊರಿಗೆ ಪತ್ರ ಬರುತ್ತಿತ್ತಲ್ಲ, ನೀಲಿ ಇನ್‌ಲ್ಯಾಂಡ್, ಅದನ್ನು ಓದಿ ಹೇಳಲು ಯಾರಾದರೂ ಬೇಕಿತ್ತು. ಬರೆಯಲು ಕೂಡ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಅವ್ವನ ತವರಿಗೆ ಪತ್ರ ಬರೆದುಕೊಡುತ್ತಿದ್ದವನು ನಾನೇ. ಆಕೆ ಹೇಳುವುದು, ನಾನು ಬರೆಯುವುದು. ನಡುವೆ ನಿಲ್ಲಿಸಿ, "ಅದು ಬ್ಯಾಡ, ಹೊಡಿ ಹಾಕು" ಅನ್ನುತ್ತಿದ್ದಳು. ಎಲ್ಲ ಪತ್ರದಲ್ಲೂ ಕಡೆಗೆ ಉಳಿಯುತ್ತಿದ್ದದ್ದು "ಇಲ್ಲಿ ಎಲ್ಲರೂ ಕ್ಷೇಮ". ಆಮೇಲೆ ಎಸ್‌ಟಿಡಿ ಬೂತ್ ಬಂತು. ಅಲ್ಲಿ ಬೂತಿನವನು ಕೂತಿರುತ್ತಾನೆ, ಹಿಂದೆ ನಾಲ್ಕು ಜನ ಪಾಳಿ ಹಚ್ಚಿರುತ್ತಾರೆ, ಎದುರಿಗೆ ಮೀಟರ್‌ನ ಕೆಂಪು ಅಂಕಿ ಓಡುತ್ತಿರುತ್ತದೆ. ಅಲ್ಲೂ ಎಲ್ಲರೂ ಕ್ಷೇಮ. ನಡುವೆ ಯಾರೂ ನಿಲ್ಲದೆ, ಯಾರಿಗೂ ಕೇಳಿಸದೆ, ತನ್ನ ಮಕ್ಕಳಿಗೆ ಒಂದು ಮಾತು ಹೇಳುವ ಸವಲತ್ತು ಅವ್ವನಿಗೆ ಅರವತ್ತರ ಮೇಲೆ ಸಿಕ್ಕಿತು. ಮೊಣಕಾಲು ನೋವು ಅಂತ ಆಕೆ ಹೇಳಿದ್ದು ಬೆಳಗಿನ ಐದು ಗಂಟೆಯ ಒಂದು ವಾಯ್ಸ್ ಮೆಸೇಜ್‌ನಲ್ಲಿ, ಹಿತ್ತಲಲ್ಲಿ ನಿಂತು, ಸಣ್ಣ ದನಿಯಲ್ಲಿ. ಹಿಂದಿನ ವಾರವಷ್ಟೇ ಊರಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದೆ. ಎದುರಿಗೆ ಒಂದು ಮಾತು ಆಡಿರಲಿಲ್ಲ.

ಇನ್ನೊಂದು ಮಾತು. ಆಕಾಶವಾಣಿ ಧಾರವಾಡ ಶುರುವಾದದ್ದು 1950ರಲ್ಲಿ, ಅವ್ವ ಹುಟ್ಟುವ ಮೊದಲು. ಆಕೆಯ ಇಡೀ ಆಯುಷ್ಯ ದನಿ ಕೇಳಿಯೇ ಕಳೆದದ್ದು. ಕೃಷಿ ಕಾರ್ಯಕ್ರಮ, ಪ್ರದೇಶ ಸಮಾಚಾರ, ಸಂಜೆಯ ಹಾಡು. ಕೈಗೆ ಕೆಲಸ, ಕಿವಿಗೆ ರೇಡಿಯೋ. ಮಕ್ಕಳು ಕಳಿಸಿದ ಮಾತನ್ನು ಕೂಡ ಆಕೆ ಹಾಗೇ ಕೇಳುತ್ತಾಳೆ, ಫೋನನ್ನು ಗೋಡೆಯ ಮಾಡದಲ್ಲಿ ಇಟ್ಟು, ರೊಟ್ಟಿ ಬಡಿಯುತ್ತ. ಒಂದರ ಹಿಂದೆ ಒಂದು ಕಳಿಸಿದ್ದರೆ ತಾನಾಗಿಯೇ ಸಾಲಾಗಿ ಓಡುತ್ತವೆ, ಮತ್ತೆ ಮತ್ತೆ ಹಿಟ್ಟಿನ ಕೈ ಒರೆಸಿಕೊಳ್ಳಬೇಕಿಲ್ಲ. ಇದು ಬಹಳ ಒಳ್ಳೆಯ ವ್ಯವಸ್ಥೆ.

ಬಳಕೆ ಬಗ್ಗೆ ಹೇಳಬೇಕಲ್ಲ, ರಿವ್ಯೂ ಅಂದ ಮೇಲೆ. ಒತ್ತಿ ಹಿಡಿದು ಮಾತಾಡಬೇಕು, ಬಿಟ್ಟರೆ ಹೋಗುತ್ತದೆ, ಎಡಕ್ಕೆ ಜಾರಿಸಿದರೆ ಅಳಿಸಿಹೋಗುತ್ತದೆ. ನಮಗೆ ಇದು ಸಲೀಸು. ಕಳೆ ತೆಗೆದು ಬಿರುಕು ಬಿಟ್ಟ ಹೆಬ್ಬೆರಳಿಗೆ ಸಲೀಸಲ್ಲ. ಮೊದಮೊದಲು ಅವ್ವನ ಮಾತು ತುಂಡು ತುಂಡಾಗಿ ಬರುತ್ತಿತ್ತು. "ತಮ್ಮಾ", ಒಂದು ಸೆಕೆಂಡ್. "ಈ ಸಲ ಉಳ್ಳಾಗಡ್ಡಿ", ಎರಡು ಸೆಕೆಂಡ್. ಆಮೇಲೆ ಇಪ್ಪತ್ತು ನಿಮಿಷ ಏನೂ ಇಲ್ಲ. ಉಳ್ಳಾಗಡ್ಡಿಗೆ ಏನಾಯಿತು ಅಂತ ನಾನು ಆಫೀಸಿನಲ್ಲಿ ಒದ್ದಾಡುವುದು. ಬಳಿಕ ಮೇಲಕ್ಕೆ ಜಾರಿಸಿ ಲಾಕ್ ಮಾಡುವುದನ್ನು ಕಲಿಸಿದೆ. ಲಾಕ್ ಆದ ಮೇಲೆ ಬೆರಳು ತೆಗೆಯಬಹುದು, ಫೋನು ಕೆಳಗಿಟ್ಟು ಆರಾಮಾಗಿ ಮಾತಾಡಬಹುದು, ನಡುವೆ ನಿಲ್ಲಿಸಿ ಮುಂದುವರಿಸಬಹುದು, ಕಳಿಸುವ ಮೊದಲು ಒಮ್ಮೆ ಕೇಳಿಯೂ ನೋಡಬಹುದು. ನಿಮ್ಮ ಮನೆಯ ಹಿರಿಯರಿಗೆ ಒಂದೇ ಒಂದು ವಿಷಯ ಕಲಿಸುವುದಾದರೆ ಈ ಮೇಲಕ್ಕೆ ಜಾರಿಸುವುದನ್ನು ಕಲಿಸಿ. ನಾನು ಅವ್ವನಿಗೆ ಹೇಳಿದ್ದು, ಬಾಗಿಲ ಅಗಳಿ ಹಾಕಿದಂಗ ಮ್ಯಾಲೆ ಸರಸು ಅಂತ. ಒಂದೇ ಸಲಕ್ಕೆ ಬಂತು. ಈಗ ಸಮಸ್ಯೆ ತಿರುಗಿದೆ, ಅಗಳಿ ತೆಗೆಯುವುದನ್ನು ಮರೆಯುತ್ತಾಳೆ. ಒಮ್ಮೆ ಹದಿನೇಳು ನಿಮಿಷದ ಮೆಸೇಜ್ ಬಂತು. ಮೊದಲ ಎರಡು ನಿಮಿಷ ಮಾತು, ಉಳಿದದ್ದು ಕೋಳಿ, ಕೊಡ ತುಂಬುವ ಸದ್ದು, ಯಾರೋ ಬಂದು ಮಜ್ಜಿಗೆ ಕೇಳಿದ್ದು, ಅಪ್ಪ ಕೆಮ್ಮಿದ್ದು. ಪೂರ್ತಿ ಕೇಳಿದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿಲೋಮೀಟರ್, ಟೈಮ್‌ಗೆ ಏನು ಕೊರತೆ.

ಬಸ್ ಅಂದ ಕೂಡಲೇ ನೆನಪಾಯಿತು. ದಯವಿಟ್ಟು ಬಸ್ಸಿನಲ್ಲಿ ಸ್ಪೀಕರ್ ಹಾಕಿ ಕೇಳಬೇಡಿ. ಚಿಗರಿಯಲ್ಲಿ ಎಸಿ ಇರುವುದರಿಂದ ಕಿಟಕಿ ಮುಚ್ಚಿರುತ್ತದೆ, ಒಬ್ಬರ ಮನೆಯ ಜಗಳ ನವನಗರದಿಂದ ಜುಬಿಲಿ ಸರ್ಕಲ್‌ವರೆಗೆ ಎಲ್ಲರೂ ಕೇಳಬೇಕಾಗುತ್ತದೆ. ಪ್ಲೇ ಒತ್ತಿ ಫೋನನ್ನು ಕಿವಿಗೆ ಇಟ್ಟುಕೊಳ್ಳಿ, ಸ್ಪೀಕರ್ ತಾನಾಗಿಯೇ ನಿಂತು ಕರೆಯಲ್ಲಿ ಕೇಳಿದ ಹಾಗೆ ಸಣ್ಣಗೆ ಕಿವಿಯಲ್ಲಿ ಕೇಳಿಸುತ್ತದೆ. ಇಯರ್‌ಫೋನ್ ಬೇಡ, ಏನೂ ಬೇಡ. ಇದು ಗೊತ್ತಿಲ್ಲದವರು ಎಷ್ಟೊಂದು ಜನ ಇದ್ದಾರೆ ಅಂದರೆ ನನಗೆ ಆಶ್ಚರ್ಯ.

ನೆಟ್‌ವರ್ಕ್ ವಿಷಯಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಮಾಳಿಗೆ ಮೇಲೆ ಮತ್ತು ಹೊಲದ ಬೇವಿನ ಗಿಡದ ಹತ್ತಿರ. ಕಾಲ್ ಮಾಡಬೇಕಂದರೆ ಇಬ್ಬರಿಗೂ ಅದೇ ಗಳಿಗೆಯಲ್ಲಿ ಸಿಗ್ನಲ್ ಬೇಕು, ಪುರುಸೊತ್ತೂ ಬೇಕು. ವಾಯ್ಸ್ ಮೆಸೇಜ್ ಆದರೆ ಅಡುಗೆ ಮನೆಯಲ್ಲೇ ಮಾತಾಡಿ ಬಿಟ್ಟರಾಯಿತು. ಗಡಿಯಾರದ ಗುರುತು ಹಾಕಿಕೊಂಡು ಫೋನಿನಲ್ಲೇ ಕಾಯುತ್ತದೆ, ಅವ್ವ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದಾಗ ಟಣ್ ಅಂತ ಹೋಗುತ್ತದೆ. ಡೇಟಾ ಕೂಡ ವಿಡಿಯೋಗೆ ಹೋಲಿಸಿದರೆ ಏನೇನೂ ಅಲ್ಲ.

ಗಾಳಿಗೆ ಮಾತ್ರ ಇದು ತಡೆಯುವುದಿಲ್ಲ. ನಮ್ಮ ಕಡೆ ಗಾಳಿ ಅಂದರೆ ಸುಮ್ನೆ ಅಲ್ಲ, ಕಪ್ಪತಗುಡ್ಡದ ಮೇಲೆ ಸಾಲಾಗಿ ಗಾಳಿ ಪಂಖ ತಿರುಗುವುದನ್ನು ಗದಗ ಕಡೆ ಹೋದವರೆಲ್ಲ ನೋಡಿರುತ್ತೀರಿ. ಆಷಾಢದಲ್ಲಿ ಹೊಲದಿಂದ ಮಾತಾಡಿದರೆ ಬುರ್ ಅನ್ನುವುದೊಂದೇ ಬರುತ್ತದೆ. ಸೆರಗನ್ನು ಫೋನಿನ ಮೇಲೆ ಹಾಕಿಕೊಂಡು ಮಾತಾಡು ಅಂದಿದ್ದೇನೆ. ಸ್ವಲ್ಪ ವಾಸಿ.

ಸಂಗೀತಕ್ಕೂ ಇದು ಅಲ್ಲ. ಮಗಳು ಹಿಂದೂಸ್ತಾನಿ ಕಲಿಯುತ್ತಾಳೆ, ಮನೆಯಲ್ಲಿ ಹಾಡಿದ್ದನ್ನು ಗುರುಗಳಿಗೆ ಇದರಲ್ಲೇ ಕಳಿಸುತ್ತಿದ್ದಳು. ಅವರು, "ನಿನ್ನ ಸ್ವರ ಸರಿ ಐತೋ ಇಲ್ಲೋ ಆಮ್ಯಾಲೆ ನೋಡೂಣು, ಮದ್ಲ ತಂಬೂರಿ ಎಲ್ಲಿ ಹೋತು?" ಅಂದರು. ಮಾತನ್ನು ಹಗುರಾಗಿ ಕಳಿಸಲಿಕ್ಕೆ ಅಂತ ಮಾಡಿದ ವ್ಯವಸ್ಥೆ ಇದು, ದನಿಯನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ, ತಂಬೂರಿಯಂಥ ನಾದ ಅದರಲ್ಲಿ ಸೊರಗುತ್ತದೆ. ಫೋನಿನ ರೆಕಾರ್ಡರ್‌ನಲ್ಲಿ ರೆಕಾರ್ಡ್ ಮಾಡಿ, ಆ ಫೈಲನ್ನು ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಈಗ ಹಾಗೆ ಮಾಡುತ್ತಿದ್ದೇವೆ.

ಈಗ ಬೀಗರ ಕಥೆ ಹೇಳಲೇಬೇಕು.

ತಮ್ಮನ ಹೆಂಡತಿಯ ತವರು ಬ್ಯಾಡಗಿ ಕಡೆ. ಮದುವೆಯಾದಾಗಿನಿಂದ ವರ್ಷಕ್ಕೊಮ್ಮೆ ಅವರು ಮೆಣಸಿನಕಾಯಿ ಕಳಿಸುತ್ತಾರೆ. ಮದುವೆ ಟೈಮ್‌ನಲ್ಲಿ ಎರಡೂ ಮನೆಯವರನ್ನು ಸೇರಿಸಿ ಯಾರೋ ಒಂದು ಗ್ರೂಪ್ ಮಾಡಿದ್ದರು, ಫೋಟೋ ಹಾಕಲಿಕ್ಕೆ ಅಂತ. ಅವ್ವ ಅಕ್ಕನಿಗೆ ಅಂದುಕೊಂಡು ಆ ಗ್ರೂಪಿಗೆ ಮಾತಾಡಿದಳು. ನಲವತ್ತು ಸೆಕೆಂಡ್. ಮೊದಲು ಹವಾಮಾನ, ಆಮೇಲೆ ಮೆಣಸಿನಕಾಯಿ. "ಬಣ್ಣ ಏನೋ ಭಾಳ ಐತವಾ, ಖಾರ ಇಲ್ಲ. ಥೇಟ್ ಅವರಂಗ." ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ ಖಾರ ಕಡಿಮೆ ಅನ್ನುವುದು ಊರಿಗೆಲ್ಲ ಗೊತ್ತಿರುವ ಮಾತು, ಅದಕ್ಕೇ ಅದಕ್ಕೆ ಬೆಲೆ. ತೊಂದರೆ ಆದದ್ದು ಆ ಕೊನೆಯ ಎರಡು ಪದದಿಂದ.

ತಮ್ಮ ಕೆಲಸ ಬಿಟ್ಟು ನನಗೆ ಫೋನ್ ಮಾಡಿದ. ಎಲ್ಲರಿಗೂ ಅಳಿಸುವ ಆಯ್ಕೆ ಇದೆ, ಕಳಿಸಿ ಸುಮಾರು ಎರಡು ದಿನದವರೆಗೂ ನಡೆಯುತ್ತದೆ, ಆದರೆ ಅದು ಕಳಿಸಿದವರ ಫೋನಿನಿಂದ ಆಗಬೇಕು. ಗ್ರೂಪಿನ ಅಡ್ಮಿನ್ ಆಗಿದ್ದರೂ ಅಳಿಸಬಹುದು, ಅಡ್ಮಿನ್ ಬೀಗರ ಕಡೆಯ ಹುಡುಗ. ಅವ್ವನಿಗೆ ಫೋನಿನಲ್ಲಿ ದಾರಿ ಹೇಳಿ, ಒತ್ತಿ ಹಿಡಿ, ಮೇಲೆ ಡಬ್ಬಿ ಚಿತ್ರ ಬರುತ್ತದೆ ಅಂತೆಲ್ಲ ಹೇಳಿ ಅಳಿಸುವಷ್ಟರಲ್ಲಿ ಅರ್ಧ ಗಂಟೆ. ಅಳಿಸುವ ಮೊದಲು, ಯಾರ್ ಯಾರು ಕೇಳಿದ್ದಾರೆ ನೋಡು ಅಂದೆ. ನಾವು ಕಳಿಸಿದ್ದನ್ನು ಒತ್ತಿ ಹಿಡಿದು ಇನ್ಫೋಗೆ ಹೋದರೆ ಕೇಳಿದವರ ಪಟ್ಟಿ ಸಿಗುತ್ತದೆ. ಅವ್ವ ಫೋಟೋ ನೋಡಿ ಗುರುತು ಹಿಡಿದಳು. ಪಟ್ಟಿಯಲ್ಲಿ ಮೊದಲಿಗೇ ಬೀಗಿತ್ತಿ.

ಇಲ್ಲೊಂದು ವಿಷಯ ತಿಳಿದಿರಲಿ. ನೀಲಿ ಗೆರೆ ಬಂದ್ ಮಾಡಿ ಇಟ್ಟಿದ್ದೇನೆ, ನಾನು ಓದಿದ್ದು ಯಾರಿಗೂ ತಿಳಿಯುವುದಿಲ್ಲ ಅಂತ ಜಾಣತನ ತೋರಿಸುವವರು ಇದ್ದೀರಲ್ಲ, ವಾಯ್ಸ್ ಮೆಸೇಜ್‌ಗೆ ಅದು ನಡೆಯುವುದಿಲ್ಲ. ಕೇಳಿದರೆ ಕಳಿಸಿದವರಿಗೆ ಮೈಕ್ ನೀಲಿ ಆಗಿಯೇ ಆಗುತ್ತದೆ. ನನಗೆ ಇದು ಸರಿ ಅನ್ನಿಸುತ್ತದೆ. ಒಬ್ಬರು ಬಾಯಿಬಿಟ್ಟು ಮಾತಾಡಿದ್ದಾರೆ, ನೀವು ಕಿವಿಗೊಟ್ಟು ಕೇಳಿದ್ದೀರಿ, ಹ್ಞೂಂ ಅನ್ನದಿದ್ದರೆ ಹೇಗೆ?

ಆ ಸಂಜೆಯವರೆಗೆ ಗ್ರೂಪಿನಲ್ಲಿ ಸದ್ದಿಲ್ಲ. ತಮ್ಮ ಊಟ ಮಾಡಿರಲಿಲ್ಲವಂತೆ. ಏಳು ಗಂಟೆಗೆ ಅವ್ವನ ನಂಬರಿಗೇ ಬೀಗಿತ್ತಿಯ ಮೆಸೇಜ್ ಬಂತು. ಹನ್ನೊಂದು ಸೆಕೆಂಡ್. "ಅಕ್ಕಾರ, ಈ ಸಲ ಖಾರದ್ದ ಕಳಸ್ತೇನ್ರಿ. ಗುಂಟೂರಿಂದು ತರಸ್ಲೇನ್ರಿ?" ಹಿಂದೆ ಯಾರೋ ನಗುವುದು ಕೇಳಿಸುತ್ತಿತ್ತು. ಅವ್ವ ಅದನ್ನು ನನಗೆ ಫಾರ್ವರ್ಡ್ ಮಾಡಿ, ಈಗ ಏನಂತ ಹೇಳಲಿ ಅಂತ ಕೇಳಿದಳು. ನಾನು ಏನೂ ಹೇಳಿಕೊಡಲಿಲ್ಲ. ಆಕೆ ಏನು ಹೇಳಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಅವರಿಬ್ಬರೂ ದಿನಾ ಮಾತಾಡುತ್ತಾರೆ, ನಮ್ಮನ್ನು ಯಾರನ್ನೂ ಕೇಳುವುದಿಲ್ಲ. ನಾಲ್ಕು ವರ್ಷ ಫೋನ್ ಕಾಲ್‌ನಲ್ಲಿ "ಆರಾಮ ಅದೀರೇನ್ರಿ, ಆರಾಮ ಅದೇವ್ರಿ" ಬಿಟ್ಟು ಮುಂದೆ ಹೋಗಿರದ ಹೆಂಗಸರು. ಇದನ್ನೇ ಬರೆದು ಕಳಿಸಿದ್ದರೆ ಸಂಬಂಧ ಹೋಗುತ್ತಿತ್ತು ಅಂತ ನನ್ನ ಅಂದಾಜು. ಬರೆದ ಮಾತಿನಲ್ಲಿ ನಗು ಕಾಣುವುದಿಲ್ಲ. ಅವ್ವನ ದನಿಯಲ್ಲಿ ಕುಹಕ ಎಷ್ಟಿತ್ತೋ ತಮಾಷೆಯೂ ಅಷ್ಟೇ ಇತ್ತು, ಬೀಗಿತ್ತಿಗೆ ಅದು ಕೇಳಿಸಿತು.

ಅದಾದ ಮೇಲೆ ನಾನು ಊರಿಗೆ ಹೋಗಿ ಎರಡು ಕೆಲಸ ಮಾಡಿದೆ. ನಾನು, ಅಕ್ಕ, ತಮ್ಮ ಮೂವರ ಚಾಟ್‌ಗಳನ್ನು ಪಿನ್ ಮಾಡಿದೆ, ಅವು ಯಾವಾಗಲೂ ಮೇಲೇ ಇರುತ್ತವೆ. ಆ ಗ್ರೂಪನ್ನು ಆರ್ಕೈವ್‌ಗೆ ತಳ್ಳಿದೆ. ಆಮೇಲೆ ಆ ಮೂರು ಚಾಟ್‌ಗಳ ಶಾರ್ಟ್‌ಕಟ್ ಅನ್ನು ಫೋನಿನ ಮುಖಪುಟದ ಮೇಲೇ ಹಾಕಿದೆ. ಮೂರು ಮುಖ, ಮೂರು ಗುಂಡಿ. ಹೆಸರು ಓದುವ ಕೆಲಸವೇ ಇಲ್ಲ. ಇದು ಆ್ಯಂಡ್ರಾಯ್ಡ್‌ನಲ್ಲಿ ಚಾಟ್ ತೆರೆದು ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ನಾಲ್ಕನೆಯದಾಗಿ ಬೀಗಿತ್ತಿಯದೂ ಹಾಕು ಅಂದಳು ಅವ್ವ.

ವೇಗದ ವಿಷಯ. 2021ರಲ್ಲಿ ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಗುಂಡಿ ಬಂತು. ಆಫೀಸಿನವರ ಮೆಸೇಜ್‌ಗೆ ಇದು ವರದಾನ. "ಹಲೋ ಸರ್, ಅದೇನಂದ್ರ ಸರ್, ನಿನ್ನೆ ನೀವು ಹೇಳಿದ್ರಲ್ಲ ಸರ್" ಅಂತ ಅರ್ಧ ನಿಮಿಷ ತಿನ್ನುವವರನ್ನು ಹದಿನೈದು ಸೆಕೆಂಡ್‌ಗೆ ಮುಗಿಸಬಹುದು. ಅಂಥವರು ದಯವಿಟ್ಟು ಟೈಪ್ ಮಾಡಿ, ಕನ್ನಡದಲ್ಲೇ ಟೈಪ್ ಮಾಡಲು ಈಗ ಏನೂ ಕಷ್ಟ ಇಲ್ಲ. ತಮ್ಮ ಮಾತ್ರ ಅವ್ವನನ್ನೂ ಎರಡು ಪಟ್ಟಿನಲ್ಲೇ ಕೇಳುತ್ತಾನೆ. ಒಮ್ಮೆ ಊರಿಗೆ ಬಂದಾಗ ಅವ್ವನ ಎದುರಿಗೇ ಹಚ್ಚಿದ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ಕೇಳಿದಳು, "ಅದ್ಯಾರೋ, ಗುಬ್ಬಿಗತೆ ಮಾತಾಡೋದು?" ನೀನೇ ಅಂದ. ಆಕೆಗೆ ಸಿಟ್ಟೇನೂ ಬರಲಿಲ್ಲ. ಮರುದಿನದಿಂದ ಅವನಿಗೆ ಕಳಿಸುವಾಗ ತಾನೇ ನಿಧಾನ ಮಾತಾಡತೊಡಗಿದಳು, ಒಂದೊಂದು ಪದ ಬಿಡಿಸಿ ಬಿಡಿಸಿ. ಈಗ ಅವನು ಎರಡು ಪಟ್ಟಿಗೆ ಹಾಕಿದರೆ ಸರಿಯಾಗಿ ಅವ್ವ ಮಾತಾಡಿದ ಹಾಗೇ ಕೇಳಿಸುತ್ತದೆ.

ಹುಡುಕುವುದು ಕಷ್ಟ, ಇದನ್ನು ಹೇಳಬೇಕು. ಬರೆದದ್ದನ್ನು ಹುಡುಕಬಹುದು, ದನಿಯಲ್ಲಿ ಎಲ್ಲಿ ಏನಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ನನ್ನ ಹೆಂಡತಿ ಎಣ್ಣಿಗಾಯಿ ಹೇಗೆ ಮಾಡುತ್ತೀರಿ ಅತ್ತೀ ಅಂತ ಕೇಳಿದಳು. ನಾಲ್ಕು ನಿಮಿಷದ ಉತ್ತರ ಬಂತು. ಶೇಂಗಾ ಹುರಿಯುವುದರಿಂದ ಶುರುವಾಗಿ, ಗುರೆಳ್ಳು ಎಷ್ಟು, ಬದನೆಕಾಯಿ ಸೀಳುವಾಗ ತೊಟ್ಟು ಬಿಡಬಾರದು ಯಾಕೆ, ನಡುವೆ ಪಕ್ಕದ ಮನೆಯ ಎಮ್ಮೆ ಕರು ಹಾಕಿದ ಸುದ್ದಿ, ಆಮೇಲೆ "ಎಣ್ಣಿ ಬಿಡೂಮಟಾ ಒಲಿ ಸಣ್ಣ ಇಡು". ಪ್ರತಿ ಸಲ ಎಣ್ಣಿಗಾಯಿ ಮಾಡುವಾಗ ಎಮ್ಮೆ ಕರು ಹಾಕುವುದನ್ನು ದಾಟಿ ಹೋಗಬೇಕು. ಆ ಮೆಸೇಜ್‌ಗೆ ಸ್ಟಾರ್ ಗುರುತು ಹಾಕಿಟ್ಟಿದ್ದಾಳೆ, ಅದೊಂದೇ ದಾರಿ. ಕರು ಈಗ ದೊಡ್ಡದಾಗಿ ಗಬ್ಬ ಆಗಿದೆ.

ಫೋನ್ ಬದಲಿಸುವವರಿಗೆ ಒಂದು ಮಾತು. ಬ್ಯಾಕಪ್ ಇಲ್ಲದಿದ್ದರೆ ಇದೆಲ್ಲ ಹೋದ ಹಾಗೆಯೇ. ಆ್ಯಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಈಗ ಗೂಗಲ್‌ನ ಪುಕ್ಕಟೆ 15 ಜಿಬಿಯೊಳಗೇ ಲೆಕ್ಕ, ಗುಡ್ ಮಾರ್ನಿಂಗ್ ಫೋಟೋ ವಿಡಿಯೋಗಳೇ ಆ ಜಾಗ ತಿಂದಿರುತ್ತವೆ. ಅವನ್ನು ತೆಗೆಯಿರಿ, ದನಿ ಉಳಿಸಿಕೊಳ್ಳಿ.

ಇನ್ನೊಂದು ಎಚ್ಚರ, ದನಿಯನ್ನೇ ನಕಲು ಮಾಡಿ ರೊಕ್ಕ ಕೇಳುವ ಮೋಸ ಈಗ ಬಂದಿದೆ. ಹೊಸ ನಂಬರಿನಿಂದ ನನ್ನ ದನಿಯಲ್ಲೇ ಅಳುತ್ತ ಕೇಳಿದರೂ ಕೊಡಬೇಡ, ನನ್ನ ಹಳೇ ನಂಬರಿಗೆ ಫೋನ್ ಮಾಡು ಅಂತ ಅವ್ವನಿಗೆ ಹೇಳಿದ್ದೇನೆ. ಮೋಸ ಆಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. "ನೀ ರೊಕ್ಕ ಕೇಳೂದ, ನಾ ಕೊಡೂದ?" ಅಂತ ಅವ್ವ ಇದನ್ನು ತಮಾಷೆಗೆ ತೆಗೆದುಕೊಂಡಿದ್ದಾಳೆ.

ಒಟ್ಟು ಐದಕ್ಕೆ ನಾಲ್ಕು ಸ್ಟಾರ್. ಅರ್ಧ ಹೋಗಿದ್ದು ಹುಡುಕಲು ಬಾರದ್ದಕ್ಕೆ, ಇನ್ನರ್ಧ ಗಾಳಿಗೆ. ನಿನ್ನೆ ರಾತ್ರಿ ಅವ್ವನಿಗೂ ಹೇಳಿದೆ, ನಿನ್ನ ಮೈಕಿನ ಬಗ್ಗೆ ಬರೆಯುತ್ತಿದ್ದೇನೆ, ಬೀಗಿತ್ತಿಯ ಕಥೆಯೂ ಹಾಕಿದ್ದೇನೆ, ನಿನಗೆ ಬೇಡ ಅನ್ನಿಸಿದರೆ ತೆಗೆಯುತ್ತೇನೆ ಅಂತ. ಒಂದೂವರೆ ನಿಮಿಷ ಮಾತಾಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಮೈಕ್ ನೀಲಿಯಾಗಿತ್ತು, ಕೆಳಗೆ ಆಕೆಯ ಆರು ಸೆಕೆಂಡ್ ಇತ್ತು.

"ಅದಿರಲಿ ತಮ್ಮಾ, ಕಡ್ಲಿ ಬಿತ್ತಾಕ ಬಂತು. ಬೀಜದ ರೊಕ್ಕ ಯಾವಾಗ ಹಾಕ್ತಿ?"